ವಾದಿಯ ಅಂಚಿನಲ್ಲೊಂದು ಕಲ್ಲು

ಒಣಗಿರುತ್ತಿದ್ದ ವಾದಿ, ಮಳೆ ಬಂದಾಗಷ್ಟೇ ಹರಿಯುವ ಇಲ್ಲಿಯ ಹಳ್ಳ, ಉಕ್ಕಿ ರಸ್ತೆಗೆ ಅಡ್ಡ ಹರಿಯುತ್ತಿತ್ತು. ಒಮಾನಿ ಅಜ್ಜರೊಬ್ಬರು ನೀರಿನಂಚಿಗೆ ಕಲ್ಲೊಂದನ್ನಿಟ್ಟು ಅದನ್ನೇ ನೋಡುತ್ತಾ ಕೂತರು. ಆಲಿಕಲ್ಲು ಮಳೆ ನಿಂತು ಬಿಸಿಲು ಬಿದ್ದಿತ್ತು. ಅಲ್ ಅಮೇರಾತ್‌ನಿಂದ ರುಸೈಲ್‌ನ ಆಫೀಸಿಗೆ ಹೊರಟಿದ್ದ ನಾನು, ನೀರು ಮೊಣಕಾಲುದ್ದವೂ ಇಲ್ಲವೆಂದುಕೊಂಡು ಕಾರು ಇಳಿಸುವುದರಲ್ಲಿದ್ದೆ. ಕುತೂಹಲ ತಡೆಯಲಾರದೆ ಹೋಗಿ, ಕಲ್ಲು ಯಾಕೆಂದು ಕೇಳಿದೆ.

“ನೀರು ಏರ್ತದೋ ಇಳೀತದೋ ಕಣ್ಣಿಗೆ ಗೊತ್ತಾಗುದಿಲ್ಲ ಮಗಳೇ. ಕಲ್ಲು ಹೇಳ್ತದೆ,” ಎಂದರು, ತಮ್ಮ ಹರುಕು ಹಿಂದಿಯಲ್ಲಿ.

ನಾನೂ ಪಕ್ಕದಲ್ಲಿ ಕೂತೆ. ಐದೇ ನಿಮಿಷದಲ್ಲಿ ಕಲ್ಲು ಮುಳುಗಿತು. ಬೆಟ್ಟದ ಮೇಲೆ ಸುರಿದ ಮಳೆ ಆಗಷ್ಟೇ ಕೆಳಗಿಳಿಯುತ್ತಿತ್ತು. ಅಜ್ಜ ಇನ್ನೊಂದು ಕಲ್ಲು ಹುಡುಕತೊಡಗಿದರು; ನಾನು ಕಾರನ್ನು ಹಿಂದಕ್ಕೆ ತೆಗೆದೆ.

ಆಫೀಸು ಸೇರುವಾಗ ಮಧ್ಯಾಹ್ನವಾಗಿತ್ತು. ಏಳು ವರ್ಷದಿಂದ ಆ ವಾದಿ ದಾಟುತ್ತಿದ್ದೇನೆ. ನಿಂತು ನೋಡಿದ್ದು ಅದೇ ಮೊದಲು.