ಅಪ್ಪನ ಜೇಬಿನ ನಿಂಬೆಹಣ್ಣು

ನಾನು ಚಿಕ್ಕವನಿದ್ದಾಗ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ನೀರು ಬೆರೆಸಿದ್ದಾನೆ, ಅಕ್ಕ ನನ್ನ ಪಾಲಿನ ಬಿಸ್ಕತ್ತು ತಿಂದಿದ್ದಾಳೆ ಎಂದು ಸದಾ ಗುಮಾನಿ. "ನಿನಗೆ ಅನುಮಾನದ ಪಿಶಾಚಿ ಮೆಟ್ಕೊಂಡಿದೆ" ಎಂದು ಅಮ್ಮ ಬೈಯುತ್ತಿದ್ದಳು. ಆದರೆ ಆ ಆಯುಧಪೂಜೆಯ ದಿನ ನನ್ನ ಅನುಮಾನಕ್ಕೆ ನಿಜವಾಗಿಯೂ ಕಾರಣವಿತ್ತು.

ಮೈಸೂರಿನಿಂದ ಬಂದ ನಾವು ಆಗ ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿದ್ದೆವು. ಅಪ್ಪ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್. ದಕ್ಷಿಣ ಅಮೆರಿಕದ ಒಂದು ಪುಟ್ಟ ಕಂಪನಿಯ ವಿಮಾನಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಬೆಟ್ಟದ ಊರುಗಳಿಗೆ ಅಂಚೆಮೂಟೆ, ಕುರಿಮರಿಗಳನ್ನು ಸಾಗಿಸುವ ಒಂದೇ ಒಂದು ಸಣ್ಣ ವಿಮಾನದಿಂದ ಆ ಕಂಪನಿ ಶುರುವಾಯಿತಂತೆ. ಬೆಳೆದು ಬೆಳೆದು, ಸಮುದ್ರ ದಾಟಿ ಲಂಡನ್ನಿಗೂ ಬಂತು. ಆಮೇಲೆ ಕೆಟ್ಟ ಕಾಲ ಬಂದು ವಿಮಾನಗಳು ಒಂದೊಂದಾಗಿ ಕೈಬಿಟ್ಟುಹೋದವು. ಕೊನೆಗೆ, ಬಾಲದ ಮೇಲೆ ಹಳದಿ ಹಕ್ಕಿಯಿದ್ದ ಒಂದು ಮುದಿ ವಿಮಾನ ಮಾತ್ರ ವಾರಕ್ಕೊಮ್ಮೆ ಬರುತ್ತಿತ್ತು. ಅದೂ ನಿಂತರೆ ಅಪ್ಪನ ಕೆಲಸ ಹೋಗುತ್ತದೆ, ನಾವು ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದು ಅಕ್ಕ ಹೆದರಿಸಿದ್ದಳು.

ಅಂದು ಶಾಲೆಗೆ ರಜೆ. ಬೆಳಿಗ್ಗೆ ಅಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋದದ್ದನ್ನು ನಾನು ನೋಡಿದೆ. ಹೊರಬಂದಾಗ ಕೋಟಿನ ಜೇಬು ಉಬ್ಬಿತ್ತು.

"ಜೇಬಲ್ಲಿ ಏನಪ್ಪಾ?"

"ಏನೂ ಇಲ್ವಲ್ಲೋ" ಎನ್ನುತ್ತಲೇ ಅವರ ಕೈ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ನಾನೂ ಬರುತ್ತೇನೆಂದು ಹಟ ಹಿಡಿದೆ. ಆಗ ಈಗಿನಷ್ಟು ಕಟ್ಟುನಿಟ್ಟು ಇರಲಿಲ್ಲ. ಕಾವಲಿನವನು ಅಪ್ಪನ ಮುಖ ನೋಡಿ ನಮ್ಮ ವ್ಯಾನನ್ನು ಒಳಗೆ ಬಿಟ್ಟ.

ಅಲ್ಲಿ ಚಳಿಗಾಳಿ, ಸೀಮೆಎಣ್ಣೆಯಂಥ ವಾಸನೆ, ಕಿವಿ ಗಡಚಿಕ್ಕುವ ಸದ್ದು. ಹಳದಿ ಹಕ್ಕಿಯ ವಿಮಾನ ಹೊರಡಲು ಸಿದ್ಧವಾಗಿತ್ತು. ಅಪ್ಪ ಆಚೀಚೆ ನೋಡಿ ಚಕ್ರದ ಬಳಿ ಮಂಡಿಯೂರಿದರು. ಏನು ಕಳಚುತ್ತಿದ್ದಾರೆ? ಏನು ಬಚ್ಚಿಡುತ್ತಿದ್ದಾರೆ? ಅವರು ಕಾಗದದ ಪೊಟ್ಟಣ ಬಿಚ್ಚಿ ಚಕ್ರಕ್ಕೆ ಕುಂಕುಮ ಇಟ್ಟರು. ಆಮೇಲೆ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಚಕ್ರಗಳ ಮುಂದೆ ಇಟ್ಟರು. ನಾನು ಬಾಯಿಬಿಟ್ಟುಕೊಂಡು ನಿಂತೆ. ಪ್ರತಿ ವರ್ಷ ಅಮ್ಮ ಸ್ಪ್ಯಾನರ್‌ಗಳಿಗೆ ಕುಂಕುಮ ಇಟ್ಟರೆ, "ಕಬ್ಬಿಣಕ್ಕೆ ಯಾಕೆ ಶೃಂಗಾರ?" ಎಂದು ನಗುತ್ತಿದ್ದವರು ಇವರೇ!

ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಪೈಲಟ್ ಬಂದ. ಕುಂಕುಮ ನೋಡಿದ, ನಿಂಬೆಹಣ್ಣು ನೋಡಿದ, ಹುಬ್ಬು ಗಂಟಿಕ್ಕಿ ಅಪ್ಪನನ್ನು ನೋಡಿದ. ಕೆಲಸ ಇಲ್ಲೇ ಹೋಯಿತು ಎಂದುಕೊಂಡೆ. ಅಪ್ಪ ತೊದಲುತ್ತಾ, ಇವತ್ತು ನಮ್ಮಲ್ಲಿ ವಾಹನಗಳಿಗೆ ಪೂಜೆ ಮಾಡುವ ಹಬ್ಬ ಎಂದರು. ಪೈಲಟ್ಟನ ಮುಖ ಅರಳಿತು. ತಮ್ಮ ಬೆಟ್ಟದೂರಲ್ಲೂ ಬಸ್ಸು ಲಾರಿಗಳಿಗೆ ಹೂವು ಕಟ್ಟಿ, ಭೂಮಿತಾಯಿಗೆಂದು ನೆಲಕ್ಕೆ ಪಾನಕ ಚೆಲ್ಲುತ್ತಾರೆ ಎಂದ. ಲೋಟದ ಕಾಫಿಯನ್ನೇ ನಾಲ್ಕು ಹನಿ ಚಕ್ರದ ಬುಡಕ್ಕೆ ಚೆಲ್ಲಿ, ಅಪ್ಪನ ಭುಜ ತಟ್ಟಿ ಹತ್ತಿಹೋದ. ವಿಮಾನ ಅಲುಗಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಹಳದಿ ಹಕ್ಕಿ ಮೋಡದೊಳಗೆ ಮರೆಯಾಗುವವರೆಗೂ ಅಪ್ಪ ಕೆಳಗೆ ನೋಡಲಿಲ್ಲ.

ಸಂಜೆ ಅಮ್ಮ ಕೇಳಿದಳು: "ಎರಡು ನಿಂಬೆಹಣ್ಣು ಕಮ್ಮಿ ಇದೆ. ಕೆಲಸ ಉಳೀಲಿ ಅಂತ ಬೇಡ್ಕೊಂಡ್ರಾ?"

"ಇಲ್ಲ ಕಣೇ. ಆ ವಿಮಾನ ಇನ್ನು ಬರಲ್ಲ ಅಂತ ನಂಗೆ ಗೊತ್ತಿತ್ತು. ಹೋದೋರು ಕ್ಷೇಮವಾಗಿ ಮನೆ ಸೇರಲಿ ಅಂದೆ."

ಅದು ಮತ್ತೆ ಬರಲಿಲ್ಲ. ಕಂಪನಿ ಮುಚ್ಚಿತು. ಅಪ್ಪ ಗ್ರೀನ್‌ಫರ್ಡ್‌ನ ಗೋದಾಮೊಂದರಲ್ಲಿ ಯಂತ್ರ ರಿಪೇರಿಯ ಕೆಲಸ ಹಿಡಿದರು, ನಾವು ಇಲ್ಲೇ ಉಳಿದೆವು. ಆ ದಿನದ ಮೇಲೆ ಅಪ್ಪನನ್ನು ಅನುಮಾನಿಸಲು ನನಗೆ ಮನಸ್ಸೇ ಬರಲಿಲ್ಲ.

ಈಗ ನನ್ನ ಮೊಮ್ಮಕ್ಕಳು ಆಕಾಶದಲ್ಲಿ ಸದ್ದು ಕೇಳಿದರೆ ಫೋನು ಎತ್ತಿ ಹಿಡಿಯುತ್ತಾರೆ. ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಎಲ್ಲವೂ ಅದರಲ್ಲೇ ಕಾಣುತ್ತದೆ. ಅವರಿಗೆ ಅನುಮಾನಕ್ಕೇ ಜಾಗವಿಲ್ಲ. ಈ ಕಥೆ ಹೇಳಿದಾಗ ಮೊಮ್ಮಗಳು "ಸೋ ಸಿಲ್ಲಿ, ತಾತ" ಎಂದು ನಕ್ಕಿದ್ದಳು. ಮೊನ್ನೆ ಅವಳ ಅಮ್ಮ ಒಬ್ಬಳೇ ದೂರದ ದೇಶಕ್ಕೆ ಹೊರಟಳು. ಬಾಗಿಲಲ್ಲಿ ಟ್ಯಾಕ್ಸಿ ಬಂದು ನಿಂತಾಗ, ಮೊಮ್ಮಗಳು ಅಡುಗೆಮನೆಯಿಂದ ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದಳು.

"ಜೇಬಲ್ಲಿ ಏನಮ್ಮಾ?" ಎಂದೆ.

"ನಥಿಂಗ್, ತಾತ" ಎಂದಳು. ಕೈ ಮಾತ್ರ ಜೇಬಿನ ಮೇಲಿತ್ತು.