ಆಗಸ್ಟ್‌ನಲ್ಲಿ ರಜೆಯಿಲ್ಲದ ಮಗ

ಗ್ರೀಸಿನ ನಮ್ಮ ಇರಾಕ್ಲಿಯಾ ದ್ವೀಪದಲ್ಲಿ ಸತ್ತವರಿಗೂ ನೆಲ ಕಾಯಂ ಅಲ್ಲ. ಸ್ಮಶಾನ ಚಿಕ್ಕದು. ಕೆಲವು ವರ್ಷ ಕಳೆದ ಮೇಲೆ ಗೋರಿ ಬಿಚ್ಚಿ, ಎಲುಬುಗಳನ್ನು ವೈನಿನಲ್ಲಿ ತೊಳೆದು, ಪೆಟ್ಟಿಗೆಗೆ ತುಂಬಿ, ಚರ್ಚಿನ ಮಗ್ಗುಲ ಕೋಣೆಗೆ ಸೇರಿಸುತ್ತೇವೆ. ತೊಳೆಯುವ ಮೊದಲು ಮಕ್ಕಳು ತಲೆಬುರುಡೆಯನ್ನು ಕೈಗೆತ್ತಿಕೊಂಡು ಮುತ್ತಿಡುತ್ತಾರೆ. ಹೆತ್ತವರ ಜೊತೆ ಅದೇ ಕೊನೆಯ ಭೇಟಿ.

ನಮ್ಮೂರಿನ ಲಿನಾರ್ದೋಸ್ ಪಾರೋಸ್ ದ್ವೀಪದ ಒಂದು ಕಂಪನಿಯ ಹಾಯಿದೋಣಿ ನಡೆಸುವವನು. ರಜೆಗೆ ಬಂದವರು ಒಂದು ವಾರಕ್ಕೆಂದು ದೋಣಿ ಹಿಡಿಯುತ್ತಾರೆ. ಯಾವ ದಿನ ಯಾವ ದ್ವೀಪ ಎಂದು ಕೂತು ಯೋಜನೆ ಹಾಕಿಕೊಡುವವನೂ ಇವನೇ. ಇವನ ತಾಯಿ ಸತ್ತದ್ದು ಒಂದು ಆಗಸ್ಟ್‌ನಲ್ಲಿ. ದೋಣಿ ತುಂಬ ಜನ, ನಡುವೆ ಬಿಟ್ಟು ಬರುವ ಹಾಗಿರಲಿಲ್ಲ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಎಲುಬು ಎತ್ತುವ ದಿನವಾದರೂ ನಾನಿರಬೇಕು ಎಂದು ಅಂದಿನಿಂದ ಹೇಳುತ್ತಲೇ ಇದ್ದ.

ಆ ದಿನವನ್ನು ನಾವು ಊರಿನವರು ಎಲ್ಲಿ ಇಟ್ಟೆವು? ಮತ್ತೆ ಆಗಸ್ಟ್‌ನಲ್ಲೇ, ಮೇರಿಮಾತೆಯ ಹಬ್ಬ ಕಳೆದ ಗುರುವಾರ. ಅಥೆನ್ಸ್‌ನಲ್ಲಿ ಕಚೇರಿ ಕೆಲಸದಲ್ಲಿರುವ ಅವನ ಅಣ್ಣನಿಗೆ ಆಗ ರಜೆ, ಊರು ಬಿಟ್ಟ ನೆಂಟರಿಗೆಲ್ಲ ಆಗ ರಜೆ. ಇನ್ನೊಬ್ಬರ ರಜೆಯೇ ಹೊಟ್ಟೆಪಾಡಾದವನ ನೆನಪು ನಮಗೆ ಯಾರಿಗೂ ಬರಲಿಲ್ಲ. ಆಗಸ್ಟ್‌ನಲ್ಲಿ ದೋಣಿ ಇಳಿದವನು ಮತ್ತೆ ಹತ್ತುವುದು ಬೇಡ ಎಂದಿತು ಕಂಪನಿ. ಉಳಿದದ್ದು ಒಂದೇ ದಾರಿ: ಆ ವಾರದ ಅತಿಥಿಗಳನ್ನೇ ಗುರುವಾರ ಇರಾಕ್ಲಿಯಾಕ್ಕೆ ಕರೆತರುವುದು.

ಅವನ ಅಕ್ಕ ಆನ್ನೇಜೋ ಫೋನಿನಲ್ಲಿ ಎಚ್ಚರಿಸಿದಳು. "ಲೋ, ಅವ್ರ ಹತ್ರ ಅಮ್ಮನ ವಿಷ್ಯ ಬಾಯಿ ಬಿಡ್ಬೇಡ. ಗಾಳಿ ಅಂತ ಹೇಳು, ಸಾಕು."

"ಗಾಳಿ ನಿಜವಾಗ್ಲೂ ಇದೆ ಅಕ್ಕ. ಸೋಮವಾರದಿಂದ ಮೆಲ್ತೇಮಿ ಹಿಡ್ಕೊಳ್ಳುತ್ತೆ."

"ಮತ್ತಿನ್ನೇನು, ತಾನಾಗೇ ಕೂಡಿ ಬಂದಿದೆ. ಬಾಯಿ ಮುಚ್ಕೊಂಡು ಬಾ."

ಮೆಲ್ತೇಮಿ ನಮ್ಮ ಬೇಸಿಗೆಯ ಬಡಗಣ ಗಾಳಿ. ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ.

ಶನಿವಾರ ಸಂಜೆ ಅತಿಥಿಗಳು ಬಂದರು. ಅಥೆನ್ಸ್‌ನ ಹಲ್ಲಿನ ಡಾಕ್ಟರು ಫೇದೋನ್, ಅವರ ಹೆಂಡತಿ ಮಿರ್ತೋ. ಲಿನಾರ್ದೋಸ್ ನಕ್ಷೆ ಬಿಡಿಸಿ ದಕ್ಷಿಣದ ದಾರಿ ತೋರಿಸಿದ.

"ಈ ಇರಾಕ್ಲಿಯಾದಲ್ಲಿ ಏನಿದೆ ಕ್ಯಾಪ್ಟನ್?" ಎಂದರು ಡಾಕ್ಟರು.

"ಆಡು ಇದಾವೆ," ಎಂದಳು ಮಿರ್ತೋ, ಫೋನಿನಿಂದ ಕಣ್ಣೆತ್ತದೆ. "ಮೀಕೊನೋಸ್ ಎಲ್ಲಿ? ಅಲ್ಲಿ ಊಟಕ್ಕೆ ಟೇಬಲ್ ಹೇಳಿಟ್ಟಾಗಿದೆ."

"ಮೀಕೊನೋಸ್ ಇರೋದು ಉತ್ತರಕ್ಕೆ ಅಮ್ಮಾ. ನಾಳೆ ಹೋಗ್ಬೋದು, ಬರೋದೇ ಕಷ್ಟ. ಗಾಳಿ ಎದ್ರೆ ಬಂದರಿನವರು ದೋಣಿ ಬಿಡಲ್ಲ, ವಾರವೆಲ್ಲ ಅಲ್ಲೇ ಕೂರ್ಬೇಕು. ದಕ್ಷಿಣಕ್ಕಾದ್ರೆ ನಾಕ್ಸೋಸ್ ಬೆಟ್ಟದ ಮರೆ ಇದೆ."

ಇಬ್ಬರೂ ಹೆಚ್ಚುಕಡಿಮೆ ಒಪ್ಪಿದ್ದರು. ಆಗ ಈ ಮಹಾರಾಯ ಬಾಯಿ ಬಿಟ್ಟ.

"ಡಾಕ್ಟ್ರೇ, ಒಂದು ಮಾತು. ಗುರುವಾರ ಬೆಳಿಗ್ಗೆ ಸ್ವಲ್ಪ ಹೊತ್ತು ನಾನು ದಡಕ್ಕೆ ಹೋಗ್ಬೇಕು. ನಮ್ಮಮ್ಮನ ಎಲುಬು ಎತ್ತೋದಿದೆ."

ಫೇದೋನ್ ಹಿಂದಕ್ಕೆ ಒರಗಿ ನಕ್ಕರು. "ಹಾಗೆ ಹೇಳಿ ಮತ್ತೆ. ಈ ಗಾಳಿ ಸರಿಯಾಗಿ ನಿಮ್ಮೂರ ಕಡೆಗೇ ಯಾಕೆ ಬೀಸ್ತಿದೆ ಅಂತ ನಾನೂ ಯೋಚಿಸ್ತಿದ್ದೆ."

"ಅಮ್ಮನಿಗೂ ಗಾಳಿಗೂ ಸಂಬಂಧ ಇಲ್ಲ. ಹವಾಮಾನ ವರದಿ ನೀವೇ ನೋಡಿ."

"ನೋಡಿದ್ರೆ ನಂಗೇನ್ರೀ ಗೊತ್ತಾಗುತ್ತೆ? ಹಲ್ಲು ಕೀಳ್ಬೇಕು ಅಂತ ನಾನು ಹೇಳಿದ್ರೆ ರೋಗಿಗೂ ಏನೂ ಗೊತ್ತಾಗಲ್ಲ. ನಂಬ್ತಾನೆ, ಪಾಪ."

ಮಿರ್ತೋಗೂ ನಗು ಬಂತು. ತನ್ನ ಕಸುಬಿನಲ್ಲಿ ತಾನು ಏನು ಮಾಡುತ್ತೇನೆಂದು ಬಲ್ಲವನಿಗೆ ಇನ್ನೊಬ್ಬ ಸತ್ಯ ಹೇಳಿಯಾನೆಂದು ಹೇಗೆ ತೋಚಬೇಕು? ಡಾಕ್ಟರು ಕಂಪನಿಗೆ ಫೋನು ಮಾಡಿದರು. ಕಂಪನಿ ಲಿನಾರ್ದೋಸ್‌ಗೆ ಮಾಡಿತು: ಅವರು ಹೇಳಿದ ಕಡೆ ಹೋಗು.

ಭಾನುವಾರ ಮೀಕೊನೋಸ್ ಮುಟ್ಟಿದರು. ಸೋಮವಾರ ಗಾಳಿ ಎದ್ದಿತು. ದೋಣಿಗಳನ್ನು ತಡೆದರು, ಆಮೇಲೆ ದೊಡ್ಡ ಹಡಗುಗಳೂ ನಿಂತವು. ಗಂಡಹೆಂಡತಿ ಟ್ಯಾಕ್ಸಿಯಲ್ಲಿ ತಿರುಗಾಡಿದರು. ಇವನು ಗುರುವಾರ ಇಡೀ ದಿನ ಹಗ್ಗ ಬಿಗಿಯುತ್ತ, ಪಕ್ಕದ ದೋಣಿಗೆ ತಾಗದಂತೆ ದೋಣಿ ಕಾಯುತ್ತ ಕೂತ.

ಇಲ್ಲಿ ಗೋರಿಯ ಹತ್ತಿರ ನಾನಿದ್ದೆ. ಆನ್ನೇಜೋ ತಾಯಿಯ ತಲೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ತೊಳೆಯಲು ಬಿಡಲಿಲ್ಲ.

"ಇನ್ನೊಂದು ಸ್ವಲ್ಪ ಕಾಯೋಣ ಫಾದರ್."

"ಯಾರಿಗೆ ಮಗಳೇ? ಹಡಗೇ ಇಲ್ವಲ್ಲ."

"ಅವನಿಗೆ ಹೆತ್ತೋಳಿಗಿಂತ ದೋಣಿ ಹೆಚ್ಚು," ಎಂದ ಅಥೆನ್ಸ್‌ನ ಅಣ್ಣ. ಸಂಬಳದ ರಜೆಯಲ್ಲಿ ಬಂದು ನಿಂತವನು. ನಾವು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟೆವು. ಪಾದ್ರಿ ವೈನು ಸುರಿದರು.

ವಾರ ಕಳೆದು ಕಂಪನಿಗೆ ಡಾಕ್ಟರ ದೂರು ಬಂತು: ಈ ಕ್ಯಾಪ್ಟನ್ ಮೀಕೊನೋಸ್ ಬಿಟ್ಟು ಬೇರೆ ಒಂದು ದ್ವೀಪವನ್ನೂ ತೋರಿಸಲಿಲ್ಲ.

ದೋಣಿಗಳನ್ನೆಲ್ಲ ದಡಕ್ಕೆಳೆದ ಮೇಲೆ, ಅಕ್ಟೋಬರ್‌ನಲ್ಲಿ ಲಿನಾರ್ದೋಸ್ ಬಂದ. ಅಕ್ಕ ಕಾಫಿ ಮುಂದಿಟ್ಟಳು.

"ಯಾಕೋ ಹೇಳ್ದೆ ಅವ್ರಿಗೆ?"

"ಹೇಳದೆ ಇಳಿದ್ರೆ ಕದ್ದು ಹೋದಂಗಾಗುತ್ತಲ್ಲ ಅಕ್ಕ."

ಅವಳು ಎದ್ದು ಚರ್ಚಿನ ಮಗ್ಗುಲ ಕೋಣೆಯ ಬೀಗದ ಕೈ ತಂದಳು. ಅದನ್ನು ಪಕ್ಕದಲ್ಲಿದ್ದ ನನಗೆ ಕೊಟ್ಟು, ನೀನೇ ಕರ್ಕೊಂಡು ಹೋಗು ಎಂದಳು.

ಕೋಣೆಯಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು. ಹೆಸರು ನೋಡಿ ಇಳಿಸಿಕೊಟ್ಟೆ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಕೈ ಹಾಕಲಿಲ್ಲ.

"ನೋಡಿದ ಕೂಡಲೇ ಗುರುತು ಸಿಗುತ್ತೆ ಅಂದ್ಕೊಂಡಿದ್ದೆ," ಎಂದ. "ಸಿಗ್ತಾ ಇಲ್ಲ."