ಅಜ್ಜಾರ ಪುಸ್ತಕ ಬಿಚ್ಚಿದ ದಿನ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ, ನವಲಗುಂದದ ಕಡೆಯ ನಮ್ಮ ಊರಿನಲ್ಲಿ ಎಲ್ಲರೂ ಕೈಮುಗಿಯುವ, ಒಬ್ಬರೂ ಓದದ ಒಂದು ಪುಸ್ತಕವಿತ್ತು. ಅದನ್ನು ಬರೆದವರು ಊರ ಮಠದ ಸ್ವಾಮಿಗಳು. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಹತ್ತಿ ಬಿಡಿಸುವ ಹೆಂಗಸರ ಜೊತೆ ಹೊಲದ ಬದುವಿನ ಮೇಲೆ ಕೂತು ದೇವರು, ನ್ಯಾಯ, ನೀತಿ ಅಂತ ಮಾತಾಡುತ್ತಿದ್ದರಂತೆ. ಅವರ ಮಾತು ಕೇಳಿ ಕುಡಿತ ಬಿಟ್ಟವರು, ಜಗಳ ಬಿಟ್ಟು ಅಣ್ಣತಮ್ಮಂದಿರಾಗಿ ಕೂಡಿದವರು ಊರಲ್ಲಿ ಇನ್ನೂ ಇದ್ದರು.

ಮಠದ ಪೂಜೆ ನಮ್ಮ ಅಪ್ಪನದು. ಪ್ರತಿ ವರ್ಷ ಅಜ್ಜಾರ ಪುಣ್ಯತಿಥಿಯ ದಿನ ಪುಸ್ತಕಕ್ಕೆ ಹೊಸ ಕೆಂಪು ವಸ್ತ್ರ ಸುತ್ತಬೇಕು. ಹಳೆಯದನ್ನು ಬಿಚ್ಚುವಂತಿಲ್ಲ, ಅದರ ಮೇಲೆಯೇ ಹೊಸದು. ಮೇಲೆ ಅರಿಶಿನದ ನೀರು, ಕುಂಕುಮ, ಎಣ್ಣೆಯ ಬೊಟ್ಟು. ಸುತ್ತಿ ಸುತ್ತಿ ಅದು ತಲೆದಿಂಬಿನಷ್ಟು ದಪ್ಪದ ಗಂಟಾಗಿತ್ತು.

ಆ ವರ್ಷ ಗಂಟನ್ನು ಎತ್ತಿ ಕೊಡುವ ಕೆಲಸ ನನಗೆ ಬಂತು. ಎತ್ತಿದರೆ ಹಗುರ. ಅಡಿಯಿಂದ ಸಣ್ಣ ಮಣ್ಣು ಉದುರಿ ನಾನು ಉಟ್ಟ ಪರಕಾರದ ಮೇಲೆ ಬಿತ್ತು. ಏಳನೆಯ ಇಯತ್ತೆ ಓದುತ್ತಿದ್ದ ಅಕ್ಕ ಅದನ್ನು ನೋಡಿದಳು.

"ಒರಲಿ ಹತ್ತೇತಿ ಅಪ್ಪಾ. ಈಗ ಬಿಚ್ಚಿದ್ರ ಒಂದೀಟರ ಉಳೀತೈತಿ," ಅಂದಳು. ಗೆದ್ದಲಿಗೆ ನಮ್ಮ ಕಡೆ ಒರಲಿ ಅನ್ನುತ್ತಾರೆ.

"ಸುಮ್ನಿರವಾ. ನಮ್ಮ ಮನಿತನದಾಗ ಯಾರೂ ಬಿಚ್ಚಿಲ್ಲ," ಅಂದ ಅಪ್ಪ.

ಅಪ್ಪನ ತಾಯಿ, ನಮ್ಮ ಆಯಿ, ಕಂಬಕ್ಕೆ ಒರಗಿ ಕೂತಿದ್ದಳು. "ಅಜ್ಜಾರು ಬರಿಯೂದು ನಾ ಕಣ್ಣಾರೆ ನೋಡೀನಿ. ಮಂದಿ ಓದ್ಲಿ ಅಂತ ಬರದ್ರು, ಗಂಟು ಕಟ್ಟಿ ಇಡ್ಲಿ ಅಂತಲ್ಲ. ಬಿಚ್ಚು, ಪಾಪ ಬಂದ್ರ ನನಗ ಬರ್ಲಿ," ಅಂದಳು.

ಅಪ್ಪ ತಾಯಿಯ ಮಾತು ಮೀರುವವನಲ್ಲ. ಒಂದೊಂದೇ ವಸ್ತ್ರ ಬಿಚ್ಚಿದ. ಒಳಗೊಳಗೆ ಬಟ್ಟೆ ಕಪ್ಪಾಗಿತ್ತು, ಹಳೆಯ ಎಣ್ಣೆಯ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೊನೆಗೆ ಸಿಕ್ಕಿದ್ದು ಹನ್ನೊಂದು ಹಾಳೆ. ಉಳಿದದ್ದೆಲ್ಲ ಮಣ್ಣು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಅಕ್ಕ ಗಟ್ಟಿಯಾಗಿ ಓದಿದಳು. ಒಂದು ಕಡೆ, "ನಿನ್ನೆ ನಾನು ಹೇಳಿದ್ದು ತಪ್ಪು, ಮತ್ತೆ ಯೋಚಿಸಬೇಕು" ಎಂದಿತ್ತು. ಅಜ್ಜಾರೂ ತಪ್ಪುತ್ತಾರೆಯೇ ಎಂದು ಅಪ್ಪ ಅದನ್ನೇ ಎರಡು ಸಲ ಓದಿಸಿದ. ಕೊನೆಯ ಹಾಳೆಯಲ್ಲಿ, "ಕೆರೆಯ ನೀರು ಒಂದೇ, ಇಳಿಯುವ ಮೆಟ್ಟಿಲು ಎರಡೇಕೆ? ಇದಕ್ಕೆ ನನಗೆ ತಿಳಿದ ಉತ್ತರ" ಎಂದಿತ್ತು. ಅದರ ಮುಂದೆ ಕಾಗದವೇ ಇರಲಿಲ್ಲ.

ನಮ್ಮೂರಿನ ಕುಡಿಯುವ ನೀರಿನ ಕೆರೆಗೆ ಆಗ ಎರಡು ಕಡೆ ಮೆಟ್ಟಿಲಿದ್ದವು. ಒಂದು ಕಡೆ ನಾವು ಇಳಿಯಬೇಕು, ಇನ್ನೊಂದು ಕಡೆ ಊರ ಹೊರಗಿನ ಕೇರಿಯವರು. ಅಕ್ಕ ಸಂಜೆಯತನಕ ಆ ಹಾಳೆಗಳನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ನಾನು ಹಾಳೆ ಹಾರದಂತೆ ಹಿಡಿದಿದ್ದೆ. ಮರುದಿನ ಬೆಳಿಗ್ಗೆ ಅಪ್ಪ ಕೊಡ ಹೊತ್ತುಕೊಂಡು ಹೋಗಿ ಕೇರಿಯವರ ಮೆಟ್ಟಿಲು ಇಳಿದು ನೀರು ತಂದ. ಎಷ್ಟೋ ದಿನ ಊರ ಹಿರಿಯರು ಅವನನ್ನು ಮಾತಾಡಿಸಲಿಲ್ಲ. ಅಪ್ಪ ದಾರಿ ಬದಲಿಸಲಿಲ್ಲ. ಅಜ್ಜಾರ ಉತ್ತರವನ್ನು ತಿಂದದ್ದು ಒರಲಿಯಲ್ಲ, ನಾವು ಎಂದು ಕೊನೆಯವರೆಗೂ ಹೇಳುತ್ತಿದ್ದ.

ಈಗ ನಿಮ್ಮ ಮನೆಗಳಿಗೆ ನಲ್ಲಿಯಲ್ಲಿ ನೀರು ಬರುತ್ತದೆ. ಯಾವ ಪುಸ್ತಕ ಬಿಚ್ಚಿದರೂ ಯಾರೂ ಬೈಯುವುದಿಲ್ಲ. ಮೊನ್ನೆ ನಮ್ಮ ಮನೆಮಂದಿಯೆಲ್ಲ ಇರುವ ಫೋನಿನ ಗುಂಪಿಗೆ ಅಜ್ಜಾರ ಚಿತ್ರ ಬಂತು, ಕೆಳಗೆ ಅವರ ಎರಡು ಸಾಲು. ಕಣ್ಣು ಮುಚ್ಚಿ ತೆರೆಯುವುದರೊಳಗೆ ನೀವು ಒಂಬತ್ತು ಮೊಮ್ಮಕ್ಕಳೂ ಕೈಮುಗಿದ ಗುರುತು ಹಾಕಿದಿರಿ. ನನಗೆ ಖುಷಿಯಾಯಿತು. ಊಟಕ್ಕೆ ಕೂತಾಗ, ಆ ಎರಡು ಸಾಲು ಏನಿತ್ತು ಎಂದು ಕೇಳಿದೆ. ಒಂಬತ್ತೂ ಮಂದಿ ಆ ಸಾಲು ಹುಡುಕಲು ಫೋನು ಕೈಗೆತ್ತಿಕೊಂಡಿರಿ.